ಹಿಂದಿನ ಬಾಗಿಲಿನ ಬೀಗ ಮತ್ತು ನನ್ನ ವಾದ

ಕಾಲೇಜಿನಲ್ಲಿದ್ದಾಗ ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಏಳು ಕಪ್ಪುಗಳು ನಮ್ಮ ಮನೆಯ ಶೋಕೇಸಿನಲ್ಲಿವೆ. ಒಂದರಲ್ಲಿ ಅಮ್ಮ ಸೇಫ್ಟಿ ಪಿನ್ನು ಹಾಕಿಡುತ್ತಾಳೆ, ಇನ್ನೊಂದರಲ್ಲಿ ಅಪ್ಪನ ಬಿ.ಪಿ. ಮಾತ್ರೆ. ಎದುರಿನವರ ಮಾತಿನಲ್ಲಿ ಸಡಿಲವಾದ ಇಟ್ಟಿಗೆ ಯಾವುದೆಂದು ಪತ್ತೆಹಚ್ಚಿ, ಅದೊಂದನ್ನೇ ಎಳೆದು, ಇಡೀ ಗೋಡೆ ಬಿತ್ತೆಂದು ತೀರ್ಪುಗಾರರಿಗೆ ಅನ್ನಿಸುವಂತೆ ಮಾಡುವುದು ನಾನು ಕಲಿತ ವಿದ್ಯೆ. ಆ ವಿದ್ಯೆಯನ್ನೇ ನಂಬಿಕೊಂಡು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಒಂದು ಬಾಗಿಲಿನ ಬೀಗ ತೆಗೆಸಲು ಹೊರಟೆ.

ಆಗ ನಾನು ಆ ಕಾರ್ಖಾನೆಗೆ ಸೇರಿ ಏಳೆಂಟು ತಿಂಗಳಾಗಿತ್ತು. ಕೆಳಗಡೆ ಲೇತುಗಳು, ಎರಡು ಪ್ರೆಸ್ಸು, ಇಡೀ ದಿನ ಗುರುಗುಡುವ ಒಂದು ಕಂಪ್ರೆಸರು. ಮೇಲಿನ ಮಹಡಿಯಲ್ಲಿ ಪ್ಯಾಕಿಂಗ್. ಅಲ್ಲಿ ಹದಿನಾರು ಜನ ಹೆಂಗಸರು ಉದ್ದನೆಯ ಬೆಂಚುಗಳ ಮುಂದೆ ಕೂತು ವಿದ್ಯುತ್ ಪೆಟ್ಟಿಗೆಯ ಬಿಡಿಭಾಗಗಳನ್ನು ಜೋಡಿಸಿ, ಕಿಡಿ ತಾಗಿದರೆ ಭಗ್ಗೆನ್ನುವ ತಿನ್ನರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಫೋಮಿನಲ್ಲಿ ಸುತ್ತಿ, ರಟ್ಟಿನ ಡಬ್ಬಗಳಿಗೆ ತುಂಬುತ್ತಿದ್ದರು. ಹೆಚ್ಚಿನವರು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದು, ನಮ್ಮ ಮನೆಯೂ ಇರುವ ಬಾಗಲಗುಂಟೆಯಲ್ಲೇ ಬಾಡಿಗೆ ಕೋಣೆಗಳಲ್ಲಿ ಇದ್ದವರು. ನನ್ನ ಮೇಜು ಕೆಳಗೆ, ಯಜಮಾನರ ಮೇಜಿನ ಎದುರಿಗೇ. ಪತ್ರ ಬರೆಯುವುದು, ಫಾರಂ ತುಂಬುವುದು, ಫೋನಿನಲ್ಲಿ ಇಂಗ್ಲಿಷ್ ಮಾತಾಡುವುದು ನನ್ನ ಕೆಲಸ.

ಮೇಲಿನಿಂದ ಇಳಿಯಲು ಎರಡು ದಾರಿ. ಒಂದು ಒಳಗಿನ ಮೆಟ್ಟಿಲು. ಅದು ಕರೆಂಟ್ ಬೋರ್ಡು, ಕಂಪ್ರೆಸರು ಎರಡರ ಪಕ್ಕದಲ್ಲೇ ಇಳಿದು ಆಫೀಸಿನ ಮುಂದೆ ಬರುತ್ತಿತ್ತು. ಇನ್ನೊಂದು, ಕಟ್ಟಡದ ಹಿಂಬದಿಗೆ ಅಂಟಿಕೊಂಡ ಕಬ್ಬಿಣದ ಮೆಟ್ಟಿಲು. ಅದು ಹೊಂಗೆ ಮರವೊಂದಿದ್ದ ಹಿತ್ತಲಿಗೆ ಇಳಿಯುತ್ತಿತ್ತು. ಆ ಮೆಟ್ಟಿಲಿನ ಮೇಲ್ತುದಿಯ ಬಾಗಿಲಿಗೆ ಒಳಗಿನಿಂದ ಅಂಗೈಯಷ್ಟು ದೊಡ್ಡ ಬೀಗ. ಬೀಗದಕೈ ಇದ್ದದ್ದು ಕೆಳಗೆ, ಯಜಮಾನರ ಕುರ್ಚಿಯ ಹಿಂದೆ, ದೇವರ ಪಟಕ್ಕೆ ಹೂವು ಹಾಕುವ ಮೊಳೆಯಲ್ಲಿ.

ನಮ್ಮ ಮಾಲು ಕೊಳ್ಳುವ ವೈಟ್‌ಫೀಲ್ಡ್ ಕಡೆಯ ದೊಡ್ಡ ಕಂಪನಿಯೊಂದು ಕಾರ್ಖಾನೆಯ ಸುರಕ್ಷತೆ ನೋಡಲು ಮೂರು ವಾರದಲ್ಲಿ ಆಡಿಟ್‌ಗೆ ಬರುತ್ತೇವೆಂದು ತಿಳಿಸಿ, ಎಂಟು ಪುಟದ ಫಾರಂ ಕಳಿಸಿತು. ಅದರ ಐದನೆಯ ಪುಟದಲ್ಲಿ ಒಂದು ಪ್ರಶ್ನೆ: ಮೇಲಿನ ಮಹಡಿಯಿಂದ ತುರ್ತಾಗಿ ಹೊರಬರಲು ಎರಡನೆಯ ದಾರಿ ಇದೆಯೇ? ನನ್ನ ಪೆನ್ನು ಅಲ್ಲಿ ನಿಂತಿತು.

“ಇದೆ ಅಂತ ಬರೀರಿ. ಇದ್ಯಲ್ಲ,” ಅಂದರು ಯಜಮಾನರು.

“ಬೀಗ ಹಾಕಿದೆ ಸಾರ್.”

“ಆವತ್ತು ತೆಗ್ದಿಡೋಣ. ಅವ್ರು ಕಾರು ಹತ್ತಿದ್ಮೇಲೆ ಹಾಕ್ಕೊಳ್ಳೋಣ.”

ಕೆಟ್ಟ ಮನುಷ್ಯರಲ್ಲ ಅವರು. ಬೇರೆಯವರ ಶೆಡ್ಡಿನಲ್ಲಿ ಲೇತ್ ತಿರುಗಿಸುತ್ತಿದ್ದವರು, ಒಂದೇ ಒಂದು ಹಳೆಯ ಲೇತಿನಿಂದ ಇಷ್ಟನ್ನು ಕಟ್ಟಿದ್ದರು. ಈಗಲೂ ಮಷೀನು ಕೆಟ್ಟ ಸದ್ದು ಮಾಡಿದರೆ ಫೋನನ್ನು ಅರ್ಧಕ್ಕೆ ಇಟ್ಟು ಎದ್ದು ಹೋಗುತ್ತಿದ್ದರು. ಆದರೆ ‘ಹಾಕ್ಕೊಳ್ಳೋಣ’ ಎಂದದ್ದು ಕೇಳಿ ನನ್ನೊಳಗಿನ ಸ್ಪರ್ಧಿ ಎದ್ದು ಕೂತಳು. ಮೇಲೆ ಹದಿನಾರು ಜನ, ತಿನ್ನರಿನ ಡಬ್ಬಗಳು, ಚಾವಣಿ ಮುಟ್ಟುವಷ್ಟು ಫೋಮು. ಬೆಂಕಿ ಬೋರ್ಡಿನಲ್ಲೇ ಹೊತ್ತಿಕೊಂಡರೆ ಇರುವ ಒಂದೇ ದಾರಿ ಅದರ ಪಕ್ಕದಲ್ಲೇ. ಬೀಗ ಆಡಿಟ್ ದಿನಕ್ಕೆ ಮಾತ್ರವಲ್ಲ, ಪೂರ್ತಿ ಹೋಗಬೇಕು ಅಂದೆ.

“ಹದಿನೆಂಟು ವರ್ಷ ಆಯ್ತಮ್ಮ ಈ ಬಿಲ್ಡಿಂಗ್ ಕಟ್ಟಿ. ಒಂದು ಕಿಡಿ ಹಾರಿಲ್ಲ.”

“ಹದಿನೆಂಟು ವರ್ಷದ ಹಿಂದೆ ಮೇಲ್ಗಡೆ ಫೋಮ್ ಇತ್ತಾ ಸಾರ್?”

“ಎಲ್ಲಿ, ಆಗ ಮೇಲ್ಗಡೆ ಖಾಲಿ.”

“ಹಾಗಾದ್ರೆ ಏನೂ ಆಗದೇ ಇದ್ದಿದ್ದು ಆ ಖಾಲಿ ಬಿಲ್ಡಿಂಗಿಗೆ. ಈಗಿರೋದು ಬೇರೆ ಬಿಲ್ಡಿಂಗು.”

ಅವರು ನಕ್ಕರು. ಇಂಥ ನಿಯಮ ಎಲ್ಲ ಗಾಜಿನ ಎತ್ತರದ ಕಟ್ಟಡಗಳಿಗೆ, ನಮ್ಮಂಥ ಎರಡಂತಸ್ತಿಗಲ್ಲ ಅಂದರು. ನಿಯಮ ಕಟ್ಟಡದ ಎತ್ತರ ಅಳೆಯಬಹುದು, ಹೊಗೆ ಮೇಲಕ್ಕೆ ಹೋಗುವ ಮೊದಲು ಟೇಪು ಹಿಡಿದು ನೋಡುವುದಿಲ್ಲ ಅಂದೆ. ಈ ರಸ್ತೆಯಲ್ಲಿ ಯಾರ ಹಿಂಬಾಗಿಲಿಗೆ ಬೀಗ ಇಲ್ಲ ತೋರಿಸಿ ಅಂದರು. ಎಲ್ಲರೂ ಹಾಕಿರುವುದರಿಂದ ತಪ್ಪು ಹಂಚಿಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಅಂದೆ. ಕಡೆಗೆ ಅವರು ತಿರುಗಿ ಕುರ್ಚಿಯ ಹಿಂದೆ ಕೈ ತೋರಿಸಿದರು.

“ಕೀ ಇಲ್ಲೇ ನೇತಾಕಿದೀನಲ್ಲ. ಒಂದು ನಿಮಿಷದ ಕೆಲ್ಸ.”

ಇದಕ್ಕಾಗಿಯೇ ಕಾದಿದ್ದವಳಂತೆ ನಾನು ಹೇಳಿದೆ: “ಸಾರ್, ಮೇಲಿರೋರು ಹಿಂದಿನ ಬಾಗಿಲು ತೆಗೀಬೇಕು ಅಂದ್ರೆ ಮುಂದಿನ ಮೆಟ್ಟಿಲು ಇಳಿದು ಬಂದು ಕೀ ತಗೊಂಡು, ಮತ್ತೆ ಮೇಲೆ ಹತ್ತಬೇಕು. ಕೆಳಗೆ ಇಳಿದುಬಂದಿರೋರು ಮತ್ತೆ ಯಾಕೆ ಹತ್ತುತ್ತಾರೆ?”

ಲೇತಿನವರಿಬ್ಬರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಒಬ್ಬ ಕಿಸಕ್ಕೆಂದ. ಯಜಮಾನರು ಸ್ವಲ್ಪ ಹೊತ್ತು ಬೀಗದಕೈಯನ್ನೇ ನೋಡಿ, “ಸರಿ ಬಿಡಿ ಲಾಯರಮ್ಮ, ನೋಡೋಣ,” ಅಂದು ಎದ್ದು ಹೋದರು. ಅಂದಿನಿಂದ ಕಾರ್ಖಾನೆಯಲ್ಲಿ ನನ್ನ ಹೆಸರು ಲಾಯರಮ್ಮ ಎಂದಾಯಿತು. ನಾನು ಗೆದ್ದಿದ್ದೆ. ಬೀಗ ಇದ್ದಲ್ಲೇ ಇತ್ತು. ನಾಲ್ಕು ದಿನ ಬೆಳಿಗ್ಗೆ ಬೆಳಿಗ್ಗೆ ಮೇಲೆ ಹೋಗಿ ನೋಡಿದೆ. ಐದನೆಯ ದಿನ ಅದಕ್ಕೆ ಯಾರೋ ಎಣ್ಣೆ ಬಿಟ್ಟಿದ್ದರು.

ಭಾನುವಾರ ಅಪ್ಪ ಮನೆ ಮುಂದೆ ನನ್ನ ಸ್ಕೂಟರು ತೊಳೆಯುತ್ತಿದ್ದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಅಲ್ಲಿ ಕೆಲಸಗಾರರದೇ ಒಂದು ಅಗ್ನಿಶಾಮಕ ತಂಡವಿತ್ತು, ಅಪ್ಪ ಅದರಲ್ಲಿದ್ದರು. ಅವರಿಗೆ ಇವತ್ತಿಗೂ ಮದುವೆ ಮಂಟಪಕ್ಕೆ ಹೋದರೆ ಮೊದಲು ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ನೋಡಿ ಆಮೇಲೆ ವಧೂವರರನ್ನು ನೋಡುವ ಅಭ್ಯಾಸ. ಅವರಿಗೆ ನನ್ನ ವಾದವನ್ನೆಲ್ಲ ಒಂದೂ ಬಿಡದೆ, ಸ್ವಲ್ಪ ಸೇರಿಸಿಯೇ ಒಪ್ಪಿಸಿದೆ. ಶಭಾಸ್ ಅನ್ನುತ್ತಾರೆಂದು ನಿಂತಿದ್ದೆ.

ಅಪ್ಪ ಮಡ್‌ಗಾರ್ಡಿನೊಳಗೆ ಕೈ ಹಾಕಿ ಕೆಸರು ತೆಗೆಯುತ್ತಾ ಕೇಳಿದರು. “ಆ ಬೀಗ ಯಾವಾಗ ಹಾಕಿದ್ದು?”

“ಎರಡು ವರ್ಷದ ಹಿಂದೆ. ಕಳ್ಳತನ ಆಗಿತ್ತಂತೆ, ಹಿತ್ತಾಳೆ ಬುಶ್ಶು.”

“ಅದಕ್ಕೆ ನೀನೇನು ಹೇಳಿದೆ?”

“ಅದನ್ನ ಅವ್ರು ವಾದದಲ್ಲಿ ತರಲೇ ಇಲ್ಲ. ನಾನ್ಯಾಕೆ ತರ್ಲಿ?”

“ಹದಿನಾರು ವರ್ಷ ಬೀಗ ಹಾಕದೇ ಇದ್ದ ಮನುಷ್ಯ ಕಣಮ್ಮ ಅವ್ರು. ಆ ಹದಿನೆಂಟು ವರ್ಷದ ಕಥೆ, ರಸ್ತೆಯವ್ರ ಕಥೆ, ಅವೆಲ್ಲ ಬಾಯಿಗೆ ಬಂದಿದ್ದು. ಬೀಗ ಹಾಕಿಸಿದ್ದು ಕಳ್ಳತನ. ನೀನು ಮೆತ್ತಗಿರೋದನ್ನೆಲ್ಲ ಹುಡುಕಿ ಹುಡುಕಿ ಹೊಡ್ದಿದ್ದೀಯ. ಗಟ್ಟಿ ಇರೋದೊಂದನ್ನ ಹಾಗೇ ಬಿಟ್ಟು ಬಂದಿದ್ದೀಯ.”

ಕಾಂಪೌಂಡಿನ ಮೇಲೆ ಬಟ್ಟೆ ಹರವುತ್ತಿದ್ದ ಅಮ್ಮ, “ಏಳು ಕಪ್ಪು ಕೊಟ್ಟೋರಿಗೆ ಇದು ಗೊತ್ತಾಗ್ಲಿಲ್ವಲ್ಲ,” ಅಂದಳು.

ಸಿಟ್ಟು ಬಂತು. ಸೋಮವಾರದ ಹೊತ್ತಿಗೆ ಸಿಟ್ಟಿಗಿಂತ ನಾಚಿಕೆ ಜಾಸ್ತಿಯಾಗಿತ್ತು. ಸ್ಪರ್ಧೆಯಲ್ಲಿ ಎದುರಾಳಿ ಎತ್ತದ ವಿಷಯ ಲೆಕ್ಕಕ್ಕಿಲ್ಲ. ಮೂರು ನಿಮಿಷ ಮುಗಿದರೆ ಅದು ಸತ್ತ ಹಾಗೆ. ಆದರೆ ಬಾಗಿಲು ಮುಚ್ಚಿರುವುದಕ್ಕೆ ನಿಜವಾದ ಕಾರಣ ಯಾರೂ ಬಾಯಿಬಿಡದಿದ್ದರೂ ಬಾಗಿಲನ್ನು ಮುಚ್ಚಿಯೇ ಇಟ್ಟಿರುತ್ತದೆ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಟೀ ಹೊತ್ತಿಗೆ ಯಜಮಾನರ ಮುಂದೆ ಕೂತು, ವಾದ ಮಾಡಲು ಬಂದಿಲ್ಲ, ಆ ಕಳ್ಳತನದ ಬಗ್ಗೆ ಹೇಳಿ ಸಾರ್ ಅಂದೆ. ಅವರು ಅನುಮಾನದಿಂದ ನೋಡಿದರು. ಆಮೇಲೆ ಟೀ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ ಹೇಳಿದರು.

“ಹಿಂದಿನ ಮೆಟ್ಟಿಲು ಹತ್ತಿ ಬಂದು ಮೂರು ಡಬ್ಬ ಬುಶ್ ಹೊತ್ಕೊಂಡ್ ಹೋಗಿದ್ರು. ಮಾಲು ಹೋಯ್ತು, ಹೋಗ್ಲಿ. ಒಳಗಿನೋರ ಕೆಲ್ಸಾನೇ ಅಂತ ನಂಗೆ ತಲೇಲಿ ಕೂತ್ಬಿಡ್ತು. ನನ್ ಜೊತೆ ಹನ್ನೊಂದು ವರ್ಷ ಇದ್ದ ಒಬ್ಬ ಲೇತಿನ ಟರ್ನರು, ರಾತ್ರಿ ಕೊನೆಗೆ ಮುಂದಿನ ಬಾಗ್ಲಿಗೆ ಬೀಗ ಹಾಕಿ ಹೋಗ್ತಿದ್ದೋನು. ಅವನ್ನ ಕರ್ದು ಕೇಳ್ದೆ. ನಾನು ಕೇಳಿದ್ದು ಒಂದೇ ಮಾತು. ಮಾರನೇ ದಿನದಿಂದ ಬರ್ಲಿಲ್ಲ. ಆಮೇಲೆ ಕಳ್ರು ಸಿಕ್ಕಿದ್ರು, ಯಾರೋ ಹೊರಗಿನೋರು, ಈ ಲೈನಲ್ಲಿ ನಾಲ್ಕು ಕಡೆ ಕದ್ದಿದ್ರಂತೆ. ಅವನ ಮನೇಗೆ ಹೋದೆ. ಕಾಫಿ ಕೊಟ್ಟ. ವಾಪಸ್ ಬರಲ್ಲ ಅಂದ.”

ಲೋಟ ಇನ್ನೊಂದು ಸುತ್ತು ತಿರುಗಿತು.

“ಬೀಗ ಇದ್ರೆ ನಾನು ಯಾರ ಮೇಲೂ ಅನುಮಾನ ಪಡಬೇಕಾಗಿಲ್ಲಮ್ಮ. ಅಷ್ಟೇ.”

ಈ ಮಾತಿನಲ್ಲೂ ಹುಡುಕಿದರೆ ಬಿರುಕು ಸಿಗುತ್ತಿತ್ತು: ಬೀಗ ಹಾಕಬೇಕಾದದ್ದು ಮಾಲಿಗೆ, ಜನಕ್ಕಲ್ಲ ಎಂದು ಹೇಳಬಹುದಿತ್ತು. ಆದರೆ ಆ ಹೊತ್ತಿನಲ್ಲಿ ಅದು ಬಾಯಿಂದ ಬರಲಿಲ್ಲ. ಒಂದೇ ಒಂದು ಬೇಡಿಕೆ ಇಟ್ಟೆ. ಒಂದು ದಿನ, ಹತ್ತು ನಿಮಿಷ, ಬೀಗ ತೆಗೆದಿಟ್ಟು ಗಂಟೆ ಹೊಡೆದು ನೋಡೋಣ. ಅವರು ಒಪ್ಪಿದರು.

ಗುರುವಾರ ಬೆಳಿಗ್ಗೆ ಎಲ್ಲರಿಗೂ ಹೇಳಿದೆವು: ಇವತ್ತು ಊಟದ ಗಂಟೆ ಮೂರು ಸಲ ಹೊಡೆದರೆ ಬೆಂಕಿ ಬಿದ್ದಿದೆ ಎಂದು ತಿಳಿಯಬೇಕು, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು, ಹಿಂದಿನ ಬಾಗಿಲು ತೆಗೆದಿರುತ್ತದೆ. ಹನ್ನೊಂದೂವರೆಗೆ ಗಂಟೆ ಹೊಡೆಯಿತು. ನಾನು ಹೊಂಗೆ ಮರದ ಕೆಳಗೆ ಫೋನಿನಲ್ಲಿ ಸಮಯ ನೋಡುತ್ತಾ, ಕಬ್ಬಿಣದ ಮೆಟ್ಟಿಲ ಮೇಲೆ ಹದಿನಾರು ಜೋಡಿ ಚಪ್ಪಲಿಗಳ ಸದ್ದಿಗಾಗಿ ಕಾದೆ.

ಒಂದು ನಿಮಿಷ ಆಯಿತು. ಒಂದೂವರೆ. ಬಾಗಿಲು ಹಾರುಹೊಡೆದಿತ್ತು, ಅದರಿಂದ ಹೊರಗೆ ಬಂದದ್ದು ಒಂದು ಫೋಮಿನ ಚೂರು ಮಾತ್ರ. ಆಮೇಲೆ ಕಟ್ಟಡದ ಮುಂಭಾಗದಿಂದ ನಗು ಕೇಳಿಸಿತು.

ಸುತ್ತಿ ಬಳಸಿ ಓಡಿದೆ. ಆಫೀಸಿನ ಪಕ್ಕ, ಮುಂಬಾಗಿಲಿನ ಒಳಗೆ, ಹದಿನಾರೂ ಜನ ಸಾಲಾಗಿ ನಿಂತಿದ್ದರು. ಅವರ ಹಿಂದೆ ಲೇತಿನವರು. ಸಾಲಿನ ತುದಿಯಲ್ಲಿ ಹಾಜರಿ ತೆಗೆದುಕೊಳ್ಳುವ ಪಂಚಿಂಗ್ ಮಷೀನು. ಒಬ್ಬೊಬ್ಬರಾಗಿ ಹೆಬ್ಬೆರಳು ಒತ್ತಿ ಆಚೆಗೆ ಹೋಗುತ್ತಿದ್ದರು. ತಿನ್ನರ್ ಮುಟ್ಟಿ ಮುಟ್ಟಿ ಬೆರಳಿನ ಗೆರೆ ಸವೆದವರನ್ನು ಆ ಮಷೀನು ಬೇಗ ಗುರುತಿಸುತ್ತಿರಲಿಲ್ಲ. “ಪ್ಲೀಸ್ ಟ್ರೈ ಎಗೇನ್,” ಎಂದು ಅದರೊಳಗಿನ ಹೆಣ್ಣುದನಿ ನಿಧಾನವಾಗಿ ಹೇಳುತ್ತಿತ್ತು. ಮುಂದಿದ್ದವಳು ಹೆಬ್ಬೆರಳನ್ನು ಸೆರಗಿಗೆ ಉಜ್ಜಿ ನಾಲ್ಕನೆಯ ಸಲ ಒತ್ತುತ್ತಿದ್ದಳು.

ಅವಳ ಹಿಂದಿದ್ದ ಹಿರಿಯ ಅಕ್ಕ, ಬಾಗಲಕೋಟೆ ಕಡೆಯವರು, ಮೇಲಿನವರಿಗೆಲ್ಲ ಮುಖಂಡರಂತಿದ್ದವರು, “ಲಗೂನ ಒತ್ತವಾ, ಬೆನ್ನಿಗೆ ಬೆಂಕಿ ಬಂದೈತಿ,” ಅಂದರು. ಎಲ್ಲರೂ ಮತ್ತೆ ನಕ್ಕರು. ಬೋರ್ಡು, ಕಂಪ್ರೆಸರು ಎರಡೂ ಆ ಸಾಲಿಗೆ ತಾಗಿಕೊಂಡೇ ಇದ್ದವು.

ಯಜಮಾನರು ಬಾಗಿಲಿಗೆ ಒರಗಿ ನಿಂತಿದ್ದರು. “ಏನ್ ಲಾಯರಮ್ಮ, ಬಾಗ್ಲು ತೆಗೆದೇ ಇತ್ತಲ್ಲ. ಒಬ್ರೂ ಆ ಕಡೆ ಹೋಗ್ಲಿಲ್ಲ. ಇನ್ನು ಬೀಗ ಇದ್ರೇನು, ಇಲ್ದಿದ್ರೇನು?”

ಈ ಮಾತಿನ ಬಿರುಕು ನನಗೆ ಆ ಕ್ಷಣದಲ್ಲೇ ಕಂಡಿತ್ತು. ಒಂದು ಸಲ ಬಳಸಲಿಲ್ಲ ಎಂದಾಕ್ಷಣ ಬೇಡ ಎಂದಲ್ಲ. ಎರಡು ವರ್ಷ ಮುಚ್ಚಿದ ಬಾಗಿಲನ್ನು ಹತ್ತು ನಿಮಿಷ ತೆರೆದಿಟ್ಟು ಜನ ಬರಲಿಲ್ಲ ಎನ್ನುವುದು ಪರೀಕ್ಷೆಯೇ ಅಲ್ಲ. ಆದರೆ ಅದಕ್ಕಿಂತ ದೊಡ್ಡ ಬಿರುಕು ನನ್ನ ವಾದದಲ್ಲಿ ಕಂಡಿತು. ಬಾಗಿಲು ತೆರೆದರೆ ಜನ ಹೊರಗೆ ಬರುತ್ತಾರೆ: ಇದನ್ನು ನಾನು ಸಾಬೀತು ಮಾಡಿರಲೇ ಇಲ್ಲ. ಯಾರೂ ಪ್ರಶ್ನಿಸದೇ ಇದ್ದದ್ದರಿಂದ ಅದು ಗಟ್ಟಿ ಎಂದುಕೊಂಡಿದ್ದೆ. ನಾನೂ ಪ್ರಶ್ನಿಸಿರಲಿಲ್ಲ. ಆ ಹದಿನಾರು ಜನರ ಪರವಾಗಿ ಅಷ್ಟೊಂದು ಮಾತಾಡಿದ್ದೆ, ಅವರಲ್ಲಿ ಒಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ.

ಮಾರನೆಯ ದಿನ ನನ್ನ ಊಟದ ಡಬ್ಬಿ ಹಿಡಿದು ಮೇಲೆ ಹೋದೆ. ಬೆಂಚುಗಳ ನಡುವಿನ ಸಂದಿಯಲ್ಲೇ ಎಲ್ಲರೂ ಊಟಕ್ಕೆ ಕೂತಿದ್ದರು. ಅಕ್ಕ ಸರಿದು ಜಾಗ ಕೊಟ್ಟು, ನನ್ನ ತಟ್ಟೆಗೆ ಒಂದು ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಕಿದರು. ನಿನ್ನೆ ಹಿಂದಿನ ಬಾಗಿಲಿನಿಂದ ಯಾಕೆ ಬರಲಿಲ್ಲ ಎಂದು ಕೇಳಿದೆ.

“ಆ ಬಾಗ್ಲಾ ನಮ್ದಲ್ರಿ ಮೇಡಂ. ದಿನಾ ನೋಡ್ತೇವಿ, ಒಮ್ಮಿನೂ ದಾಟಿಲ್ಲ. ಗಾಬ್ರಿ ಆದಾಗ ಕಾಲು ಗೊತ್ತಿದ್ದ ಕಡೀಗೇ ಹೋಗ್ತಾವು.”

“ಬೆಳಿಗ್ಗೆ ಹೇಳಿದ್ವಲ್ಲ ಅಕ್ಕ, ತೆಗೆದಿರತ್ತೆ ಅಂತ.”

“ಹೇಳೀರಿ. ಕಿವಿಗೆ ಹೇಳೀರಿ, ಕಾಲಿಗೆ ಯಾರು ಹೇಳ್ಯಾರ್ರಿ?”

ಪಕ್ಕದಲ್ಲಿದ್ದ ಹುಡುಗಿ, “ಮತ್ತ ತಂಬ್ ಒತ್ತಲಾರ್ದ ಹೊರಗ ಹೋದ್ರ ಅರ್ಧ ದಿನದ ಪಗಾರ ಕಟ್ ಆಗ್ತದಲ್ರಿ,” ಅಂದಳು. “ಬೆಂಕಿ ಸುಳ್ಳಂತ ನಮಗ ಗೊತ್ತಿತ್ತು. ಕಟ್ ಆಗೂದು ಖರೆ.”

ಇದಕ್ಕಿಂತ ಚೊಕ್ಕ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಹಾಗಾದರೆ ಏನು ಮಾಡಬೇಕು ಎಂದೆ. ಅಕ್ಕ ರೊಟ್ಟಿ ಮುರಿಯುತ್ತಾ ಬಾಗಿಲಿನ ಕಡೆ ನೋಡಿದರು.

“ನಿನ್ನೆ ಹತ್ತು ನಿಮಿಷ ತೆಗದಿದ್ರಲ್ಲ, ಎಂಥಾ ಗಾಳಿ ಬಂತು ಅಂತೀರಿ. ಈ ತಿನ್ನರ್ ವಾಸನಿಯೊಳಗ ಉಣ್ಣಾಕ ಹೊಟ್ಟಿ ತೊಳಸ್ತೈತಿ. ಕೆಳಗ ಗಿಡದ ನೆರಳು ಐತಿ. ದಿನಾ ಊಟಕ್ಕ ಆ ಮೆಟ್ಟಲದಿಂದ ಇಳದು ಹೋಗಾಕ ಬಿಡ್ರಿ. ವಾರ ಒಪ್ಪತ್ತಿನಾಗ ಕಾಲಿಗೆ ಗೊತ್ತಾಗ್ತೈತಿ. ಮತ್ತ ಗಂಟಿ ಮೂರು ಸಲ ಹೊಡದ್ರ ತಂಬ್ ಬ್ಯಾಡ ಅಂತ ಸಾಹೇಬ್ರು ತಾವಾ ಬಾಯಿಬಿಟ್ಟು ಹೇಳ್ಲಿ. ನೀವು ಹೇಳಿದ್ರ ನಡಿಯೂದಿಲ್ಲ.”

ಕೊನೆಯ ಮಾತಿಗೆ ಎಲ್ಲರೂ ತಲೆ ತಗ್ಗಿಸಿ ನಕ್ಕರು. ನಾನೂ ನಕ್ಕೆ.

ಕೆಳಗೆ ಬಂದಾಗ ಯಜಮಾನರು ಒಂದು ಹಳೆಯ ಲೇತಿನ ಪಕ್ಕ ಮಂಡಿಯೂರಿ ಕೂತಿದ್ದರು. ಇದು ಬರಿಯ ಅದೃಷ್ಟ. ಅವರು ಮೇಜಿನ ಹಿಂದಿದ್ದಿದ್ದರೆ ನಾನು ಮತ್ತೆ ಲಾಯರಮ್ಮನಾಗುತ್ತಿದ್ದೆನೇನೋ. ಅಕ್ಕ ಹೇಳಿದ್ದನ್ನು ಹೇಳಿದೆ. ಆಮೇಲೆ ಕೇಳಿದೆ: “ಸಾರ್, ಒಳಗಿನಿಂದ ತಳ್ಳಿದ್ರೆ ತೆಗೀಬೇಕು, ಹೊರಗಿನಿಂದ ಏನು ಮಾಡಿದ್ರೂ ತೆಗೀಬಾರದು, ತೆಗೆದಾಗ ಇಡೀ ಫ್ಯಾಕ್ಟರಿಗೆ ಗೊತ್ತಾಗಬೇಕು. ಅಂಥ ಚಿಲಕ ನಾವೇ ಮಾಡೋಕಾಗತ್ತಾ?”

“ಅಂಗಡೀಲೇ ಸಿಗತ್ತೆ. ಮಾಲ್‌ಗಳಲ್ಲಿ ಹಾಕಿರ್ತಾರಲ್ಲ, ಅಡ್ಡ ಪಟ್ಟಿ.”

“ಸರಿ, ತರಿಸೋಣ ಸಾರ್.”

ಅಂಗಡಿಯದಕ್ಕೆ ನಾನು ಅಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟದ್ದು ಅವರಿಗೆ ಹಿಡಿಸಲಿಲ್ಲ. “ಅಂಗಡಿದು ಏನ್ ಮಹಾ,” ಎನ್ನುತ್ತಾ ಜೇಬಿನಿಂದ ಸೀಮೆಸುಣ್ಣ ತೆಗೆದು ಎಣ್ಣೆ ನೆಲದ ಮೇಲೆಯೇ ಗೀಚತೊಡಗಿದರು. ಅಡ್ಡಕ್ಕೆ ಒಂದು ಪೈಪು, ಎರಡು ತುದಿಗೆ ಸ್ಪ್ರಿಂಗು, ಮೇಲಕ್ಕೊಂದು ಕೆಳಕ್ಕೊಂದು ಸರಳು. ಎದೆ ತಾಗಿದರೂ ಸಾಕು, ಸರಳು ಒಳಗೆ ಸರಿಯಬೇಕು. ಲೇತಿನವರು ಬಂದು ಬಗ್ಗಿ ನೋಡಿದರು. ಸ್ಪ್ರಿಂಗು ಯಾವ ಗಾತ್ರದ್ದು ಎಂದು ಒಬ್ಬ ತಕರಾರು ತೆಗೆದ. ಸದ್ದಿಗೆ ಏನು ಮಾಡುವುದು ಎಂಬ ಮಾತು ಬಂದಾಗ ಇನ್ನೊಬ್ಬ, ಗುಜರಿಗೆ ಹೋಗಲಿರುವ ಹಳೆಯ ಟೆಂಪೋದ ರಿವರ್ಸ್ ಹಾರ್ನು ಇದೆಯಲ್ಲ ಅಂದ.

“ಅದು ಯಾವ್ದೋ ಟ್ಯೂನ್ ಹೊಡಿಯತ್ತೆ ಕಣೋ,” ಅಂದರು ಯಜಮಾನರು.

“ಹೊಡೀಲಿ ಬಿಡಿ ಸಾರ್. ಕಳ್ಳ ಡ್ಯಾನ್ಸ್ ಮಾಡ್ಕೊಂಡು ಹೋಗ್ತಾನೆ.”

ನಗು ನಿಂತ ಮೇಲೆ ಯಜಮಾನರು ಸೀಮೆಸುಣ್ಣವನ್ನು ಕೈಯಲ್ಲಿ ಉರುಳಿಸುತ್ತಾ, ನನಗಲ್ಲ, ಆ ಚಿತ್ರಕ್ಕೆ ಹೇಳುವಂತೆ ಹೇಳಿದರು: “ಹಿತ್ತಾಳೆ ಎಲ್ಲ ಕೆಳಗಿನ ಕಬ್ಬಿಣದ ಬೀರುಗೆ ಹಾಕ್ಬಿಡೋಣ. ಬೀಗ ಅದಕ್ಕೆ ಹಾಕೋಣ.”

ನಾನು ಬಾಯಿಗೆ ತಂದುಕೊಳ್ಳಲಾಗದೆ ಬಿಟ್ಟಿದ್ದ ಮಾತು ಅದು. ಅವರು ತಾವೇ ಅಲ್ಲಿಗೆ ಬಂದರು. ನಾನು ಹೇಳಿದ್ದರೆ ಅದಕ್ಕೊಂದು ಉತ್ತರ ಹುಡುಕುತ್ತಿದ್ದರು ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ.

ಚಿಲಕ ಸಿದ್ಧವಾಗಲು ಆರು ದಿನ ಹಿಡಿಯಿತು. ಮೊದಲನೆಯದು ಎಷ್ಟು ಬಿಗಿಯಾಗಿತ್ತೆಂದರೆ ಅಕ್ಕ ಎರಡು ಕೈ ಹಾಕಿ ತಳ್ಳಿದರೂ ಜಗ್ಗಲಿಲ್ಲ. “ಇದನ್ನ ತೆಗಿಯಾಕ ನಮ್ಮೂರಿಂದ ಎತ್ತು ತರಸ್ರಿ,” ಅಂದರು. ಸ್ಪ್ರಿಂಗು ಬದಲಾಯಿತು. ಹಿಂದಿನ ಮೆಟ್ಟಿಲಿನ ಅಲ್ಲಾಡುತ್ತಿದ್ದ ಕಂಬಿಗೆ ವೆಲ್ಡಿಂಗ್ ಆಯಿತು. ಯಜಮಾನರು ಒಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಗಂಟೆ ಮೂರು ಸಲ ಹೊಡೆದರೆ ತಂಬ್ ಬೇಡ, ಯಾರಿಗೂ ಅರ್ಧ ದಿನ ಹೋಗಲ್ಲ, ಇದು ನನ್ನ ಮಾತು ಎಂದು ಹೇಳಿದರು. ಆ ಮಧ್ಯಾಹ್ನದಿಂದ ಮೇಲಿನವರ ಊಟ ಹೊಂಗೆ ಮರದ ಕೆಳಗೆ. ಒಂದು ಗಂಟೆಗೆ ಬಾಗಿಲು ತೆರೆದೊಡನೆ ಟೆಂಪೋ ಹಿಂದಕ್ಕೆ ಬರುವಾಗಿನ ಆ ಟ್ಯೂನು ರಸ್ತೆಗೆಲ್ಲ ಕೇಳುತ್ತಿತ್ತು. ಪಕ್ಕದ ಶೆಡ್ಡಿನವರೂ ಅದನ್ನು ಕೇಳಿಯೇ ಊಟಕ್ಕೆ ಏಳತೊಡಗಿದರು. ನಾನು ಮಾತ್ರ ಎಂದಿನಂತೆ ಆಫೀಸಿನಲ್ಲೇ, ಫಾರಂಗಳ ಮೇಲೆ ಮೊಸರನ್ನ ಬೀಳದ ಹಾಗೆ ಉಣ್ಣುತ್ತಿದ್ದೆ. ಆಡಿಟ್ ಹತ್ತಿರ ಬಂದಿತ್ತು.

ಆಡಿಟ್ ಮಾಡಲು ಬಂದವರು ಬಾಗಿಲಿನ ಮುಂದೆ ನಿಂತದ್ದು ಅರ್ಧ ನಿಮಿಷ. ತಳ್ಳಿದರು, ಹಾರ್ನು ಹೊಡೆದಾಗ ಬೆಚ್ಚಿದರು, ಫೋಟೋ ತೆಗೆದರು, ಟಿಕ್ ಹಾಕಿದರು. ಜನ ಈ ಬಾಗಿಲನ್ನು ಬಳಸುತ್ತಾರಾ ಎಂದು ಕೇಳಲಿಲ್ಲ. ಬೀಗ ತೆಗೆದಿಟ್ಟು ಮೋಸ ಮಾಡಿದ್ದರೂ ಅದೇ ಟಿಕ್ಕು ಸಿಗುತ್ತಿತ್ತು. ನಿಯಮವೆಲ್ಲ ಬರೀ ಕಾಗದ ಎಂದು ಹೇಳುವವರಿಗೆ ಇದು ಒಳ್ಳೆಯ ಸಾಕ್ಷಿ. ನಾನೇ ಹಿಂದೆ ಹಾಗೆ ವಾದಿಸಿ ಒಂದು ಕಪ್ಪು ಗೆದ್ದದ್ದುಂಟು. ಆದರೆ ಐದನೆಯ ಪುಟದ ಆ ಒಂದು ಸಾಲು ಇಲ್ಲದಿದ್ದರೆ ನನ್ನ ಪೆನ್ನು ನಿಲ್ಲುತ್ತಿರಲಿಲ್ಲ. ಕಾಗದ ನಮ್ಮನ್ನು ಬಾಗಿಲಿನವರೆಗೆ ಕರೆದು ತಂದಿತು. ದಾಟುವುದು ಅದರ ಕೈಯಲ್ಲಿರಲಿಲ್ಲ.

ನನ್ನ ಭಯ ಇದ್ದದ್ದು ಅವರು ಹೋದ ಮೇಲಿನ ದಿನಗಳ ಬಗ್ಗೆ. ಮಾರನೆಯ ಬೆಳಿಗ್ಗೆ ಮೇಲೆ ಹೋಗಿ ನೋಡಿದೆ. ಬೀಗ ಇರಲಿಲ್ಲ. ಸೋಮವಾರ ನೋಡಿದೆ, ಇರಲಿಲ್ಲ. ಮಂಗಳವಾರ ಹೋಗುವಾಗ ಅಕ್ಕ, “ಏನು ಹುಡುಕಾಕ ಬರ್ತೀರಿ ದಿನಾ?” ಅಂದರು. ಏನಿಲ್ಲ ಎಂದು ಇಳಿದು ಬಂದೆ.

ಮುಂದಿನ ವಾರ ಒಂದು ಮಧ್ಯಾಹ್ನ, ನಾಲ್ಕರ ಸುಮಾರಿಗೆ, ಡಬ್ಬಗಳ ಲೇಬಲ್ಲು ತಾಳೆ ನೋಡಲು ಮೇಲಿದ್ದೆ. ಗಂಟೆ ಹೊಡೆಯಿತು. ಒಂದು, ಎರಡು, ಮೂರು. ಯಾರೂ ಯಾರಿಗೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬೆಂಚುಗಳು ಸರಿದ ಸದ್ದು, ಚಪ್ಪಲಿಗಳ ಸದ್ದು, ಆಮೇಲೆ ಎಲ್ಲೋ ಟೆಂಪೋದ ಟ್ಯೂನು. ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಇಳಿದು, ಮುಂಬಾಗಿಲ ಬಳಿ ನಿಂತು, ಹೆಬ್ಬೆರಳು ಒತ್ತಿದೆ.

“ಪ್ಲೀಸ್ ಟ್ರೈ ಎಗೇನ್.”

ಮತ್ತೆ ಒತ್ತಿದೆ. ಆಗ ಸುತ್ತ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಕಂಪ್ರೆಸರು ಗುರುಗುಡುತ್ತಿತ್ತು. ಮೇಲೆ ನಾನು ನಿಂತಿದ್ದ ಜಾಗದಿಂದ ಹಿಂದಿನ ಬಾಗಿಲು ನಾಲ್ಕು ಹೆಜ್ಜೆ.

ಹಿತ್ತಲಿಗೆ ಹೋದಾಗ ಎಲ್ಲರೂ ಹೊಂಗೆ ಮರದ ಕೆಳಗಿದ್ದರು. ಅಕ್ಕ ಬೆರಳು ಚಾಚಿ ತಲೆ ಎಣಿಸುತ್ತಿದ್ದರು. ಯಜಮಾನರು ಕೈಯಲ್ಲಿ ಫೋನು ಹಿಡಿದು, ನಾನು ಹಿಂದೆ ನಿಂತಿದ್ದ ಜಾಗದಲ್ಲೇ ನಿಂತಿದ್ದರು. ಆಡಿಟ್ ಇರಲಿಲ್ಲ, ಫಾರಂ ಇರಲಿಲ್ಲ, ನಾನು ಕೇಳಿರಲಿಲ್ಲ. ಅವರಿಗೇ ಒಮ್ಮೆ ನೋಡಬೇಕೆನ್ನಿಸಿ ಗಂಟೆ ಹೊಡೆದಿದ್ದರು.

“ಒಂದು ನಿಮಿಷಕ್ಕೆ ಮುಂಚೆ ಎಲ್ಲ ಕೆಳಗೆ,” ಅಂದರು. “ಒಬ್ರು ಕಮ್ಮಿ ಇದ್ರು ಅಷ್ಟೇ.”

“ಎಲ್ಲಿ ಹೋಗಿದ್ರಿ ಮೇಡಂ?” ಅಂದರು ಅಕ್ಕ.

ಸುಳ್ಳು ಹೇಳಬಹುದಿತ್ತು. “ತಂಬ್ ಒತ್ತೋಕೆ,” ಅಂದೆ.

ಇಡೀ ಹಿತ್ತಲು ನಕ್ಕಿತು. ಯಜಮಾನರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಸತ್ರಿ ನೀವು,” ಅಂದರು ಅಕ್ಕ, ನನ್ನ ಭುಜದ ಮೇಲೆ ಕೈಯಿಟ್ಟು. “ನಾಳಿಯಿಂದ ಡಬ್ಬಿ ತಗೊಂಡು ಮ್ಯಾಲೆ ಬರ್ರಿ. ನಮ್ಮ ಜೋಡಿ ಇಳದು, ಇಲ್ಲೇ ಕುಂತು ಉಣ್ರಿ. ನಿಮ್ಮ ಕಾಲಿಗಿನ್ನೂ ಯಾರೂ ಹೇಳಿಲ್ಲ.”

ಮಾರನೆಯ ದಿನ ಒಂದು ಗಂಟೆಗೆ ನಾನು ಡಬ್ಬಿ ಹಿಡಿದು ಅವರ ಸಾಲಿನ ಕೊನೆಯಲ್ಲಿ ನಿಂತೆ. ಬಾಗಿಲಿನ ಪೈಪು ಎದೆ ತಾಗಿದೊಡನೆ ಸರಿಯಿತು, ಟ್ಯೂನು ಶುರುವಾಯಿತು, ಮುಖಕ್ಕೆ ಗಾಳಿ ಬಡಿಯಿತು. ಕಂಬಿ ಹಿಡಿದು ಎಣಿಸುತ್ತಾ ಇಳಿದೆ. ಹತ್ತೊಂಬತ್ತು ಮೆಟ್ಟಿಲು. ಕೊನೆಯದು ಉಳಿದವುಗಳಿಗಿಂತ ಸ್ವಲ್ಪ ಎತ್ತರ. ಗೊತ್ತಿಲ್ಲದವರು ಅಲ್ಲಿ ಮುಗ್ಗರಿಸುತ್ತಾರೆ. ನಾನೂ ಮುಗ್ಗರಿಸಿದೆ. ಅಕ್ಕ ಹಿಡಿದುಕೊಂಡರು.